ಗೋಡಂಬಿ ಬೇಕಂತೆ

ಅತ್ತೆಗೆ ಗೋಡಂಬಿ ಬೇಕಂತೆ ಎಂಬ ಸುದ್ದಿಯನ್ನು ಮನೆಯಲ್ಲಿ ಹಬ್ಬಿಸಿದವನು ಅವರ ಮಗ. ಪಾರ್ಶ್ವವಾಯು ಹೊಡೆದು, ಆಸ್ಪತ್ರೆಯಲ್ಲಿ ಮಲಗಿ, ಮನೆಗೆ ಬಂದು ಮತ್ತೆ ಮಲಗಿದ ಮೇಲೆ ಅತ್ತೆಯ ಬಾಯಿಂದ ಮಾತು ಅಂತ ಹೊರಟದ್ದು ಅದೇ ಮೊದಲು. ಬಲಗಡೆಯ ತುಟಿ ಜೋತುಬಿದ್ದಿತ್ತು. ನಾಲಿಗೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಆದರೂ ಆಕೆ ಕಷ್ಟಪಟ್ಟು, ತುಂಡು ತುಂಡು ಮಾಡಿ, ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು: "ಗೋಡಂ... ಬೀ... ಕೂ."

ಮಗ ಬಸ್ ಡ್ರೈವರ್. ಜೀವಮಾನವಿಡೀ ಇಂಜಿನ್ನಿನ ಸದ್ದಿನೊಳಗೆ ಜನರ ಮಾತು ಹುಡುಕಿದವನು. ಅರ್ಧ ಕೇಳಿದರೆ ಸಾಕು, ಉಳಿದರ್ಧ ತಾನೇ ತುಂಬಿಕೊಳ್ಳುತ್ತಾನೆ. ಅಡುಗೆಮನೆಗೆ ಓಡಿಬಂದು ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡ.

"ಗೋಡಂಬಿ ಬೇಕಂತೆ ಕಣೇ! ಅಮ್ಮ ಬಾಯ್ಬಿಟ್ಟು ಕೇಳಿದ್ಲು."

ಸೊಸೆ ಒಲೆಯ ಮುಂದೆ ನಿಂತಿದ್ದಳು. ಹಾಗೆ ನೋಡಿದರೆ ಅವಳು ಯಾವಾಗಲೂ ನಿಂತೇ ಇರುತ್ತಿದ್ದಳು. ಬೆಳಿಗ್ಗೆ ಎದ್ದು ಅತ್ತೆಯ ಮೈ ಒರೆಸಿ, ಹಾಸಿಗೆ ಬದಲಿಸಿ, ಗಂಜಿ ಮಾಡಿ, ಮಗಳನ್ನು ಶಾಲೆಗೆ ಅಟ್ಟಿ, ತಾನು ಕನ್ನಡಕದ ಅಂಗಡಿಗೆ ಹೋದರೆ ಅಲ್ಲೂ ನಿಲ್ಲುವ ಕೆಲಸವೇ. ಗಾಜು ಉಜ್ಜಿ, ಅಂಚು ತೀಡಿ, ಚೌಕಟ್ಟಿಗೆ ಕೂರಿಸಿ, ಗಿರಾಕಿಯ ಮೂಗಿನ ಮೇಲಿಟ್ಟು "ಈಗ ಹೇಗಿದೆ?" ಎಂದು ಕೇಳಬೇಕು. ಅವಳು ಕೂರಿಸಿದ್ದೆಲ್ಲ ಬರೀ ಗಾಜು. ಸಂಜೆ ಮನೆಗೆ ಬಂದರೆ ಮತ್ತೆ ಅದೇ ಹಾಸಿಗೆ, ಅದೇ ಗಂಜಿ. ಮೊಣಕಾಲು ನೋಯುತ್ತಿದೆ ಎಂದು ಯಾರಿಗೆ ಹೇಳುವುದು? ಹೇಳಿದರೆ "ಪಾಪ" ಅನ್ನುತ್ತಾರೆ. ಪಾಪ ಅಂದವರು ಪಾತ್ರೆ ತೊಳೆಯುವುದಿಲ್ಲ.

"ಅಗಿಯೋಕೆ ಆಗಲ್ವಲ್ರೀ ಅವರಿಗೆ," ಎಂದಳು.

"ಅರೆದು ಕೊಡೋಣ," ಎಂದ ಮಗ.

ಅಲ್ಲಿಗೆ ಗೋಡಂಬಿಯ ಕಾಲ ಶುರುವಾಯಿತು. ಅರೆದು ಹಾಲಿಗೆ ಹಾಕಿದರು, ಅತ್ತೆ ಉಗಿದರು. ಹುರಿದು ಪುಡಿ ಮಾಡಿ ಗಂಜಿಗೆ ಬೆರೆಸಿದರು, ಅದನ್ನೂ ಉಗಿದು ಇನ್ನಷ್ಟು ಸಿಟ್ಟಾಗಿ "ಗೋಡಂ... ಬೀ... ಕೂ!" ಎಂದರು. ತಂದದ್ದು ಚೆನ್ನಾಗಿರಲಿಲ್ಲವೇನೋ ಎಂದು ಮಗ ಇನ್ನೂ ಒಳ್ಳೆಯದನ್ನು ತಂದ. ಭಾನುವಾರ ನಾದಿನಿ ಒಂದು ಡಬ್ಬಿ ಹೊತ್ತುಕೊಂಡು ಬಂದಳು. ಈ ನಾದಿನಿ ಕೆಲಸಕ್ಕೆ ಕರೆದರೆ ಸಿಗುವವಳಲ್ಲ, ಸಲಹೆಗೆ ಕರೆಯದಿದ್ದರೂ ಬರುವವಳು. "ಅತ್ತಿಗೆ, ಅಮ್ಮ ಬಾಯ್ಬಿಟ್ಟು ಕೇಳಿದ್ದನ್ನ ನೆಟ್ಟಗೆ ಮಾಡಿಕೊಡೋಕಾಗಲ್ವಾ ನಿಮಗೆ?" ಎಂದು ಹೇಳಿ, ಅಲ್ಲೇ ನಿಂತು ಒಂದು ಮುಷ್ಟಿ ತಿಂದು ಹೋದಳು. ಉಳಿದದ್ದನ್ನು ಮೆಟ್ಟಿಲಿನ ಮೇಲೆ ಆಡುವ ಮಕ್ಕಳು ತಿಂದರು. ಇಡೀ ಕಟ್ಟಡದಲ್ಲಿ ಗೋಡಂಬಿಯಿಂದ ಮೈ ತುಂಬಿಕೊಳ್ಳದೆ ಉಳಿದವರು ಅತ್ತೆ ಒಬ್ಬರೇ.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಆಕೆ ನೂಲಿನ ಗಿರಣಿಯಲ್ಲಿ ದುಡಿದವರು. ಅಲ್ಲಿ ಕೂರುವುದಕ್ಕೆ ಒಂದು ಮಣೆಯೂ ಇರಲಿಲ್ಲ. ಯಂತ್ರದ ಸಾಲಿನ ಮುಂದೆ ಅತ್ತಿಂದಿತ್ತ ನಡೆಯುತ್ತಾ ಹರಿದ ಎಳೆಗೆ ಎಳೆ ಸೇರಿಸುತ್ತಾ ಪಾಳಿ ಮುಗಿಸಬೇಕು. ಕೂತವಳು ಮರುದಿನ ಗೇಟಿನ ಆಚೆ. ಗಿರಣಿ ಮುಚ್ಚಿದ ಮೇಲೂ ಆ ಗಿರಣಿ ಅತ್ತೆಯ ಮೈಯೊಳಗೆ ಓಡುತ್ತಲೇ ಇತ್ತು. ಮದುವೆಯಾದ ಹೊಸತರಲ್ಲಿ ಸೊಸೆ ಒಂದು ಮಧ್ಯಾಹ್ನ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು, ಅಷ್ಟೇ. ಅತ್ತೆ ಬಂದು ನಿಂತು, "ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು," ಎಂದರು. ಗದರಲಿಲ್ಲ, ಕೂಗಲಿಲ್ಲ, ಸುಮ್ಮನೆ ಗಾದೆ ಹೇಳಿದರು. ಆದರೆ ಆ ಗಾದೆ ಸೊಸೆಯ ಕಾಲಿಗೆ ಕಟ್ಟಿಕೊಂಡುಬಿಟ್ಟಿತು. ಅವತ್ತಿನಿಂದ ಅತ್ತೆಯ ಹೆಜ್ಜೆ ಸದ್ದು ಕೇಳಿದರೆ ಸಾಕು, ಅವಳು ಎಲ್ಲಿದ್ದರೂ ತಟ್ಟನೆ ಎದ್ದು ನಿಲ್ಲುತ್ತಿದ್ದಳು. ಈಗ ಅತ್ತೆಗೆ ಹೆಜ್ಜೆಯೇ ಇಲ್ಲ. ಎದ್ದು ನಿಲ್ಲುವುದು ಮಾತ್ರ ನಿಂತಿರಲಿಲ್ಲ.

ಇನ್ನೊಂದು, ಧೂಳು. ಹತ್ತಿಯ ಧೂಳು ಕುಡಿದು ಬಂದ ಅತ್ತೆಗೆ ಮನೆಯಲ್ಲಿ ಧೂಳು ಕಂಡರೆ ಮೈಯೆಲ್ಲ ಉರಿ. ಸೊಸೆ ಗುಡಿಸಿದ ಮೇಲೆ ಬಾಗಿಲ ಚೌಕಟ್ಟಿನ ನೆತ್ತಿಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಏನೂ ಹೇಳದೆ ಸೊಸೆಯ ಮುಂದೆ ಹಿಡಿಯುತ್ತಿದ್ದರು. ಬೈದರೆ ತಿರುಗಿ ಬೈಯಬಹುದು. ಬೆರಳಿಗೆ ಏನು ಹೇಳುವುದು?

ಆ ಬೆರಳು ಈಗ ಹಾಸಿಗೆಯ ಮೇಲೆ ಬಿದ್ದಿತ್ತು. ಎಡಗೈ ಒಂದು ಮಾತ್ರ ಚೂರು ಆಡುತ್ತಿತ್ತು. ಎಡಕ್ಕೆ ಹೊರಳಿಸಿ ಮಲಗಿಸಿದರೆ ಉಸಿರು ಸಲೀಸಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ಹಗಲೆಲ್ಲ ಆಕೆ ಗೋಡೆಗೆ ಮುಖ ಮಾಡಿರುತ್ತಿದ್ದರು. ಮನೆಗೆ ಬಂದು ನೋಡಿಹೋಗುವ ನರ್ಸಮ್ಮ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು. "ಬಾಯಿಂದ ಇಳಿಯೋವರೆಗೆ ಚಿಂತೆಯಿಲ್ಲ. ಇಳಿಯಲಿಲ್ಲ ಅಂದ್ರೆ ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ ಒಂದ್ಸಲ ಹಾಕಿದ್ಮೇಲೆ ತೆಗೆಯೋದು ಕಷ್ಟ." ನಳಿಕೆಯ ಮಾತು ಬಂದಾಗಲೆಲ್ಲ ಅತ್ತೆಯ ಎಡಗೈ ಹೊದಿಕೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಅದನ್ನು ಸೊಸೆ ನೋಡಿದ್ದಳು. ಎಷ್ಟೇ ಸಿಟ್ಟಿದ್ದರೂ ಆ ನಳಿಕೆ ಮಾತ್ರ ಬೇಡಪ್ಪ ಎಂದು ಅವಳಿಗೂ ಅನ್ನಿಸುತ್ತಿತ್ತು. ಹಾಗಾಗಿ ದಿನಕ್ಕೆಷ್ಟು ಸಲವಾದರೂ ಸರಿ, ಮಂಚದ ಪಕ್ಕ ಬಗ್ಗಿ ನಿಂತು, ಚಮಚ ಚಮಚ ಗಂಜಿ ಒಳಗೆ ಕಳಿಸುತ್ತಿದ್ದಳು.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಹಾಗೆಯೇ ಬಗ್ಗಿ ನಿಂತಿದ್ದಾಗ ಅತ್ತೆ ಮತ್ತೆ ಶುರುಮಾಡಿದರು. "ಗೋಡಂ..."

"ಇದೆ ಅತ್ತೆ, ಹಾಕಿದೀನಿ. ಗೋಡಂಬಿ ಹಾಕೇ ಮಾಡಿರೋದು."

ಅತ್ತೆಯ ಕಣ್ಣು ಬಟ್ಟಲಿನ ಕಡೆ ತಿರುಗಲಿಲ್ಲ, ಗೋಡೆಯ ಮೇಲೇ ನೆಟ್ಟಿತ್ತು. ಸೊಸೆ ಆ ಕಣ್ಣಿನ ದಾರಿ ಹಿಡಿದು ನೋಡಿದಳು. ಸುಣ್ಣದ ಗೋಡೆಯ ಮೇಲೆ, ಮೂಲೆಯ ಹತ್ತಿರ, ಸೌತೆಬೀಜದಂಥದ್ದೇನೋ ಅಂಟಿತ್ತು. ಬೂದಿ ಬಣ್ಣ, ಚಪ್ಪಟೆ, ಎರಡೂ ತುದಿ ಚೂಪು. ಅದರ ಕೆಳಗೆ ಇನ್ನೊಂದು. ಮಂಚದ ಕಾಲಿನ ಹಿಂದೆ ಮತ್ತೂ ಒಂದು. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಗುಡಿಸುವಾಗ ಕಸವೆಂದು ಉದುರಿಸುತ್ತೇವೆ, ಯಾರೂ ಹೆಸರಿಡುವುದಿಲ್ಲ.

ಗೋಡಂಬಿ ಅಲ್ಲ, ಗೋಡೆ!

ಸೊಸೆಗೆ ತಲೆಯ ಮೇಲೆ ಬಿಸಿನೀರು ಸುರಿದ ಹಾಗಾಯಿತು. ಇಷ್ಟು ದಿನ ಈಕೆ ಗೋಡೆ, ಗೋಡೆ ಎಂದು ಬಡಿದುಕೊಳ್ಳುತ್ತಿದ್ದರು. ಮೈ ಅರ್ಧ ಸತ್ತಿದೆ, ಬಾಯಿ ಅರ್ಧ ಸತ್ತಿದೆ, ಮಲಗಿದಲ್ಲೇ ಎಲ್ಲ ಆಗಬೇಕು, ಆಗಿಸುವವಳು ನಾನು. ಆದರೂ ನನ್ನ ಗೋಡೆಯ ಮೇಲಿನ ಕಸ ಮಾತ್ರ ಇವರ ಕಣ್ಣಿಗೆ ಬಿತ್ತು! ಬೆರಳೆತ್ತಲಾಗದಿದ್ದರೆ ಕಣ್ಣೆತ್ತಿ ತೋರಿಸುತ್ತಿದ್ದಾರೆ. ನಾಯಿಬಾಲ ಡೊಂಕು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಬಟ್ಟಲನ್ನು ಕುಕ್ಕಿ ಪೊರಕೆ ತಂದಳು. ಮಂಚ ಎಳೆದಳು, ಮೂಲೆ ಕೆರೆದಳು, ಸೂರಿನ ಜೇಡರ ಬಲೆ ಹೊಡೆದಳು. ಬೂದು ಬೀಜಗಳೆಲ್ಲ ಪಟಪಟ ಉದುರಿದವು. ಪೊರಕೆಗೆ ಸಿಗದ್ದನ್ನು ಕೈಗೆ ಸಿಕ್ಕಿದ ಬಟ್ಟೆಯಿಂದ ಉಜ್ಜಿದಳು. ಅದು ಅಂಗಡಿಯಿಂದ ತಂದ ಗಾಜೊರೆಸುವ ಹಳದಿ ಬಟ್ಟೆ ಎಂದು ನೋಡುವಷ್ಟು ತಾಳ್ಮೆಯೂ ಇರಲಿಲ್ಲ. ಹಿಂದಿನಿಂದ ಅತ್ತೆ ಏನೇನೋ ಸದ್ದು ಮಾಡುತ್ತಿದ್ದರು. ಅದು ಬೈಗುಳವೇ ಇರಬೇಕು, ಇನ್ನೇನು.

"ಆಯ್ತಾ?" ಎಂದಳು ಕೊನೆಗೆ, ಏದುಸಿರು ಬಿಡುತ್ತಾ. "ಕನ್ನಡಿ ಥರ ಮಾಡಿದೀನಿ. ಈಗ ನಿಮ್ಮ ಬೆರಳು ತಂದು ನೋಡ್ಕೊಳ್ಳಿ."

ಬಾಯಿಜಾರಿ ಬಿದ್ದ ಮಾತು. ಅತ್ತೆ ಅವಳನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಅತ್ತೆ ಬಾಯಿ ತೆರೆಯಲಿಲ್ಲ. ರಾತ್ರಿ ಇಲ್ಲ, ಮರುದಿನ ಬೆಳಿಗ್ಗೆ ಇಲ್ಲ. ಚಮಚ ತುಟಿಗೆ ತಾಗಿಸಿದರೆ ಗಂಜಿ ಗಲ್ಲದ ಮೇಲೆ ಇಳಿಯುತ್ತಿತ್ತು. ಮಗ ಬೇಡಿಕೊಂಡ, ಮೊಮ್ಮಗಳು ಮುದ್ದು ಮಾಡಿದಳು, ನಾದಿನಿ ಫೋನಿನಲ್ಲಿ ಅತ್ತಳು. ಅತ್ತೆ ಮುಚ್ಚಿದ ಕಣ್ಣು ಮುಚ್ಚಿದಂತೆಯೇ. ನರ್ಸಮ್ಮ ಬಂದು ಕೈಯ ಚರ್ಮ ಎಳೆದು ನೋಡಿ, "ಇವತ್ತೊಂದಿನ ನೋಡಿ. ಇಳಿಯದಿದ್ರೆ ನಾಳೆ ಕರ್ಕೊಂಡ್ಬನ್ನಿ, ನಳಿಕೆ ಹಾಕ್ಸೋಣ," ಎಂದಳು.

"ಏನಾಯ್ತೇ ಇದ್ದಕ್ಕಿದ್ದ ಹಾಗೆ?" ಎಂದು ಮಗ ಕೇಳಿದ.

"ನನಗೇನ್ರೀ ಗೊತ್ತು," ಎಂದಳು ಸೊಸೆ. ತಾನು ಆಡಿದ ಬೆರಳಿನ ಮಾತನ್ನು ಅವನಿಗೆ ಹೇಳಲಿಲ್ಲ. ಅಂಗಡಿಗೆ ಹೋಗದಿದ್ದರೆ ನಡೆಯುತ್ತಿರಲಿಲ್ಲ, ಹೋದಳು.

ಅಂಗಡಿಯಲ್ಲಿ ಗಾಜೊರೆಸಲು ಚೀಲದಿಂದ ಹಳದಿ ಬಟ್ಟೆ ತೆಗೆದಳು. ಮಡಿಕೆಯೊಳಗೆ ಒಂದು ಬೂದು ಬೀಜ ಅಂಟಿಕೊಂಡು ಬಂದಿತ್ತು. ಕೊಡವಬೇಕೆಂದು ಕೈಯೆತ್ತಿದವಳು ಹಾಗೇ ನಿಂತಳು. ಬೀಜ ನಡೆಯುತ್ತಿತ್ತು.

ಸಣ್ಣ ತಿರುಪು ನೋಡುವ ಭೂತಗನ್ನಡಿ ಅವಳ ಕೈಯಳತೆಯಲ್ಲೇ ಇತ್ತು. ಅದನ್ನು ಕಣ್ಣಿಗಿಟ್ಟುಕೊಂಡು ಬಗ್ಗಿದಳು. ಬೀಜ ಬೀಜವಾಗಿರಲಿಲ್ಲ, ಒಂದು ಚೀಲ. ಎಷ್ಟು ನಾಜೂಕಾಗಿ ನೇಯ್ದ ಚೀಲ! ಗೋಡೆಯ ಸುಣ್ಣದ ಕಣ, ಮರಳಿನ ಕಣ, ಅತ್ತೆಯ ಹೊದಿಕೆಯ ನೀಲಿ ಉಣ್ಣೆಯ ಎಳೆ. ಅವುಗಳ ನಡುವೆ ಒಂದು ಬಿಳಿ ಕೂದಲು, ಒಂದು ಕಪ್ಪು ಕೂದಲು, ಒಂದರ ಮೇಲೊಂದು ಸುತ್ತಿಕೊಂಡು. ಬಿಳಿಯದು ಯಾರದೆಂದು ಹೇಳಬೇಕಾಗಿಲ್ಲ. ಕಪ್ಪು ತನ್ನದೇ, ಇತ್ತೀಚೆಗೆ ಬಾಚಿದರೆ ಹಿಡಿ ಹಿಡಿ ಬರುತ್ತಿತ್ತು. ತುದಿಯಿಂದ ಕಂದು ತಲೆಯ ಒಂದು ಪುಟ್ಟ ಹುಳು ಕತ್ತು ಚಾಚಿ, ಮುಂಗಾಲು ಊರಿ, ಇಡೀ ಮನೆಯನ್ನೇ ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂತು. ಅವಳು ಬೆರಳು ಅಡ್ಡವಿಟ್ಟಳು. ತಲೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ತಲೆ ಚೀಲದ ಹಿಂದಿನ ತುದಿಯಿಂದ ಹೊರಬಂದು, ಅತ್ತ ಕಡೆ ನಡೆಯತೊಡಗಿತು. ಎದುರು ಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲು!

ಸೊಸೆ ಗಟ್ಟಿಯಾಗಿ ನಕ್ಕಳು. ಅಂಗಡಿಯ ಯಜಮಾನರು ತಲೆಯೆತ್ತಿ, "ಏನಮ್ಮ?" ಎಂದರು. ಅವಳು ನಕ್ಕದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಏನಿಲ್ಲ ಸಾರ್." ನಗು ಅಲ್ಲಿಗೇ ನಿಂತುಹೋಯಿತು.

ಗಿರಣಿಯಲ್ಲಿ ಎಳೆಗೆ ಎಳೆ ಸೇರಿಸಿ ಬೆನ್ನು ಬಗ್ಗಿಸಿದ ಹೆಂಗಸು, ಗೋಡೆಗೆ ಮುಖ ಮಾಡಿ ಮಲಗಿ, ಹಗಲೆಲ್ಲ ಇದನ್ನು ನೋಡುತ್ತಿದ್ದರು. ಕಸವನ್ನಲ್ಲ. ಕೂದಲು, ಉಣ್ಣೆ, ಧೂಳು ಸೇರಿಸಿ ನೂಲುವ ಇನ್ನೊಬ್ಬಳನ್ನು. ಅದೊಂದೇ ಅವರ ಪಾಲಿಗೆ ಉಳಿದಿದ್ದ ಓಡಾಟ. ಅದನ್ನು ತಾನು ಪೊರಕೆಯಿಂದ ಹೊಡೆದು, ಮೇಲೆ ಬೆರಳಿನ ಮಾತಾಡಿ ಬಂದಿದ್ದಳು. ಅವಳಿಗೆ ಅಳು ಬಂತು. ಗಿರಾಕಿಯ ಕನ್ನಡಕದ ಮೇಲೆ ಬಿದ್ದ ಹನಿಯನ್ನು ಒರೆಸಲು ಬಟ್ಟೆಯೂ ಇರಲಿಲ್ಲ; ಬಟ್ಟೆಯ ಮೇಲೆ ಹುಳು ಇತ್ತು. ಸೆರಗಿನಿಂದ ಒರೆಸಿದಳು. ಬಟ್ಟೆಯ ಸಮೇತ ಅದನ್ನು ಒಂದು ಕನ್ನಡಕದ ಡಬ್ಬಿಯಲ್ಲಿಟ್ಟು, ಯಜಮಾನರಿಗೆ ತಲೆನೋವು ಎಂದು ಹೇಳಿ ಬೇಗ ಹೊರಟಳು.

ಮನೆಯಲ್ಲಿ ಶಾಲೆಯಿಂದ ಬಂದ ಮಗಳು ಫೋನು ಹಿಡಿದು ಕೂತಿದ್ದಳು. ಡಬ್ಬಿಯೊಳಗೆ ಇಣುಕಿ, ಫೋಟೋ ತೆಗೆದು, ಏನೇನೋ ಒತ್ತಿ ನೋಡಿದಳು.

"ಅಮ್ಮಾ, ಇದು ಪತಂಗ!"

"ಪತಂಗಕ್ಕೆ ರೆಕ್ಕೆ ಇರುತ್ತೆ ಕಣೇ."

"ಆಮೇಲೆ ಬರುತ್ತಂತೆ. ಇದು ಮರಿ. ತಾಯಿ ಸಂದಿಗೊಂದಿ ಧೂಳಲ್ಲಿ ಮೊಟ್ಟೆ ಇಟ್ಟು ಹೋಗುತ್ತೆ. ಮರಿ ಹುಟ್ಟಿದ ತಕ್ಷಣ ತಾನೇ ರೇಷ್ಮೆ ಬಿಟ್ಟು, ಸಿಕ್ಕಿದ್ದನ್ನೆಲ್ಲ ಅಂಟಿಸ್ಕೊಂಡು ಮನೆ ಕಟ್ಕೊಳ್ಳುತ್ತೆ. ಬೆಳೆದ ಹಾಗೆ ಮನೇನೂ ದೊಡ್ಡದು ಮಾಡುತ್ತೆ. ಎಲ್ಲಿ ಹೋದ್ರೂ ಹೊತ್ಕೊಂಡೇ ಹೋಗ್ಬೇಕು, ಬಿಟ್ಟು ಬರೋ ಹಾಗಿಲ್ಲ. ಕೊನೆಗೆ ಗೋಡೆ ಹತ್ತಿ, ಎಲ್ಲಾದ್ರೂ ಅಂಟಿಕೊಂಡು, ಒಳಗೇ ಮಲಗಿ ಪತಂಗ ಆಗುತ್ತಂತೆ."

"ತಿನ್ನೋದೇನು?"

"ಉಣ್ಣೆ, ಉದುರಿದ ಕೂದಲು. ಆಮೇಲೆ..." ಮಗಳು ಕಿಸಕ್ಕನೆ ನಕ್ಕಳು. "ಹಳೇ ಜೇಡರ ಬಲೆ. ತೇವ ಇರೋ, ಗುಡಿಸದ ಮನೇಲಿ ಚೆನ್ನಾಗಿ ಬೆಳೆಯುತ್ತಂತೆ."

"ಮೆಲ್ಲಗೆ ಹೇಳೇ," ಎಂದಳು ಸೊಸೆ, "ಅಜ್ಜಿಗೆ ಕೇಳಿಸೀತು."

ಅಜ್ಜಿಗೆ ಕೇಳಿಸಿತ್ತು. ಸೊಸೆ ಗಂಜಿಯ ಬಟ್ಟಲು ಒಂದು ಕೈಯಲ್ಲಿ, ಡಬ್ಬಿ ಇನ್ನೊಂದರಲ್ಲಿ ಹಿಡಿದು ಕೋಣೆಗೆ ಬಂದಾಗ ಅತ್ತೆಯ ಕಣ್ಣು ತೆರೆದಿತ್ತು. ಸೊಸೆ ಬಟ್ಟೆಯನ್ನು ಗೋಡೆಗೆ ತಾಗಿಸಿ ಹಿಡಿದಳು. ಹುಳು ಯೋಚನೆ ಮಾಡಿತು. ತಲೆ ಹೊರಗೆ, ಒಳಗೆ, ಮತ್ತೆ ಹೊರಗೆ. ಕೊನೆಗೆ ಸುಣ್ಣಕ್ಕೆ ಕಾಲು ಹಚ್ಚಿ, ಚೀಲವನ್ನು ಜಗ್ಗಿಕೊಂಡು, ಅತ್ತೆಯ ಕಣ್ಣಿನ ನೇರಕ್ಕೇ ಗೋಡೆ ಹಿಡಿಯಿತು.

"ತಪ್ಪಾಯ್ತು ಅತ್ತೆ," ಎಂದಳು ಸೊಸೆ. "ನೀವು ಗೋಡೆ ಬೀಜ ಅಂದದ್ದು ನಮಗೆ ಗೋಡಂಬಿ ಅಂತ ಕೇಳಿಸ್ತು. ಈಗ ಗೊತ್ತಾಯ್ತು. ಸ್ವಲ್ಪ ಗಂಜಿ ತಗೊಳ್ಳಿ. ನಾಳೆ ನಳಿಕೆ ಹಾಕಿಬಿಡ್ತಾರೆ."

ಚಮಚ ತುಟಿಯ ಹತ್ತಿರ ಹೋಯಿತು. ತುಟಿ ತೆರೆಯಲಿಲ್ಲ. ಅತ್ತೆ ಹುಳುವನ್ನು ನೋಡಿದರು, ಸೊಸೆಯನ್ನು ನೋಡಿದರು. ಗಂಟಲಿನಿಂದ ಎಳೆದು ಎಳೆದು, "ಗೋಡಂ... ಬೀ..." ಎಂದರು.

"ಹೂಂ, ಗೋಡೆ ಮೇಲೆ ಬೀಜ. ನೋಡಿದೆ ಅತ್ತೆ."

"ಕೂ."

"ಗೋಡಂಬಿ ಬೇಕು ಅಲ್ಲ, ಗೊತ್ತಾಯ್ತು ಅಂದೆನಲ್ಲ."

"ಕೂ!" ಅತ್ತೆಯ ಮುಖ ಕೆಂಪಾಯಿತು. ಎಡಗೈ ಹೊದಿಕೆಯ ಕೆಳಗಿನಿಂದ ಹೊರಬಂತು. ಸೊಸೆಗೆ ಹಳೆಯ ಭಯ. ಬೆರಳು ಏಳುತ್ತದೆ ಎಂದುಕೊಂಡಳು. ಬೆರಳು ಏಳಲಿಲ್ಲ. ಅಂಗೈ ಮಂಚದ ಅಂಚಿನ ಮೇಲೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಮಕ್ಕಳನ್ನು ಪಕ್ಕಕ್ಕೆ ಕರೆಯುವಾಗ ತಟ್ಟುತ್ತೇವಲ್ಲ, ಹಾಗೆ. "ಕೂ... ಕೂ..."

ಸೊಸೆ ಬಟ್ಟಲು ಹಿಡಿದು ನಿಂತೇ ಇದ್ದಳು. ಬೇಕು ಎನ್ನುವುದರ 'ಕು' ಅಲ್ಲ ಅದು. ಮೊದಲ ದಿನದಿಂದಲೂ ಆಗಿರಲಿಲ್ಲ.

"ಕೂತ್ಕೋ ಅಂತೀರಾ ಅತ್ತೆ?"

ಅತ್ತೆ ಕಣ್ಣು ಮುಚ್ಚಿ ತೆರೆದರು. ಕೊನೆಗಾದರೂ ನಿನ್ನ ತಲೆಗೆ ಹೋಯಿತಲ್ಲ ಎನ್ನುವಂಥ ಹಳೆಯ ಸಿಟ್ಟು ಅದರಲ್ಲಿತ್ತು.

ಗೋಡೆ ಮೇಲೆ ಬೀಜ, ಕೂತ್ಕೋ. ಅಷ್ಟೇ ಹೇಳುತ್ತಿದ್ದದ್ದು. ಇಷ್ಟು ದಿನ ಕೂತ್ಕೋ ಎಂದು ಕರೆದವರಿಗೆ ಅವಳು ನಿಂತುಕೊಂಡು ಗೋಡಂಬಿ ತಿನ್ನಿಸಿದ್ದಳು. ಸೊಸೆಯ ಕಾಲು ತಾನಾಗಿ ಬಗ್ಗಲಿಲ್ಲ; ಅಭ್ಯಾಸವಿಲ್ಲದ ಕೆಲಸ. ಒಂದು ಕೈಯನ್ನು ಮಂಚಕ್ಕೆ ಊರಿ ಮೆಲ್ಲಗೆ ಕೂತಳು. ಮೊಣಕಾಲು ಲಟಕ್ಕೆಂದಿತು. ಅತ್ತೆ ಅದನ್ನು ಕೇಳಿಸಿಕೊಂಡು ಕೈಯನ್ನು ಆ ಮೊಣಕಾಲಿನ ಮೇಲಿಟ್ಟರು. ಸವರಲಿಲ್ಲ, ಒತ್ತಲಿಲ್ಲ. ಅಂಥದ್ದೆಲ್ಲ ಗೊತ್ತಿರುವ ಹೆಂಗಸಲ್ಲ ಅವರು. ಸೊಸೆ ಅಳುತ್ತಲೇ ಚಮಚ ಎತ್ತಿದಳು. ಅತ್ತೆ ಬಾಯಿ ತೆರೆದರು.

ಮರುದಿನ ಆಸ್ಪತ್ರೆಗೆ ಹೋಗಬೇಕಾಗಲಿಲ್ಲ. ಹಾಗಂತ ಅತ್ತೆ ಎದ್ದು ಓಡಾಡಿದರು ಎಂದೇನಲ್ಲ. ಮೈ ಒರೆಸುವುದು, ಹಾಸಿಗೆ, ಗಂಜಿ, ಎಲ್ಲ ಹಾಗೆಯೇ ಇತ್ತು; ಸೊಸೆಯ ದಣಿವೂ ಹಾಗೆಯೇ ಇತ್ತು. ಸಂಜೆ ಅಂಗಡಿಯಿಂದ ಬಂದವಳು ಒಲೆ ಹಚ್ಚುವ ಮೊದಲು ಬಂದು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದಳು, ಅಷ್ಟೇ ವ್ಯತ್ಯಾಸ. ಇಬ್ಬರೂ ಗೋಡೆ ನೋಡುತ್ತಿದ್ದರು. ಮಂಚದ ಕೆಳಗೆ ಅವಳು ಪೊರಕೆ ಆಡಿಸುತ್ತಿರಲಿಲ್ಲ. ಹುಳುವಿಗೂ ಹೊಟ್ಟೆಯಿದೆಯಲ್ಲ.

ಹುಳು ಒಂದು ದಿನ ಗೋಡೆ ಹತ್ತಿ ಸೂರಿನ ಹತ್ತಿರ ನಿಂತಿತು. ಚೀಲವನ್ನು ಎಳೆಯಿಂದ ಬಿಗಿದು ಕಟ್ಟಿಕೊಂಡಿತು. ಆಮೇಲೆ ನಡೆಯಲಿಲ್ಲ. "ಒಳಗೆ ಮಲಗಿದೆ," ಎಂದಳು ಮಗಳು. ಅತ್ತೆ ಕಾದರು. ಮಲಗಿರುವವರ ಕಷ್ಟ ಅವರಿಗೆ ಗೊತ್ತಿತ್ತು.

ಒಂದು ಸಂಜೆ ಸೊಸೆ ಬಂದು ಕೂತಾಗ ಚೀಲದ ಬಾಯಿಂದ ಒಣಗಿದ ಸಿಪ್ಪೆಯೊಂದು ಇಣುಕುತ್ತಿತ್ತು. ಪಕ್ಕದಲ್ಲಿ ಪತಂಗ ಕೂತಿತ್ತು. ನೋಡುವುದಕ್ಕೆ ಏನೂ ಅಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ, ರೆಕ್ಕೆಯ ಮೇಲೆ ಮೂರ್ನಾಲ್ಕು ಮಾಸಿದ ಚುಕ್ಕೆ, ತುದಿಯಲ್ಲಿ ಉಣ್ಣೆಯಂಥ ಅಂಚು. ರೆಕ್ಕೆ ಬಂದ ಮೇಲೆ ಅದು ಏನೂ ತಿನ್ನುವುದಿಲ್ಲ ಎಂದು ಮಗಳು ಓದಿ ಹೇಳಿದ್ದಳು. ಕೆಲವೇ ದಿನ ಇರುತ್ತದೆ, ಧೂಳಲ್ಲಿ ಮೊಟ್ಟೆ ಇಡುತ್ತದೆ, ಮುಗಿಯಿತು. ಹೊತ್ತು ತಿರುಗಿದ ಮನೆ ಮಾತ್ರ ಗೋಡೆಯ ಮೇಲೆ ಖಾಲಿಯಾಗಿ ನೇತಾಡುತ್ತಿತ್ತು.

ಅತ್ತೆ ಅದರಿಂದ ಕಣ್ಣು ಕೀಳಲಿಲ್ಲ. ಸೊಸೆ ಗೋಡೆಗೆ ತಲೆಯೊರಗಿಸಿದಳು. ಗಂಡ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ಒಲೆ ಹಚ್ಚಿರಲಿಲ್ಲ. ಹಳೆಯ ಅಭ್ಯಾಸದಲ್ಲಿ ಅವಳ ಕಾಲು ಏಳಲು ಹೊರಟಿತು.

"ಗೋಡಂ... ಬೀ... ಕೂ," ಎಂದರು ಅತ್ತೆ.

"ಏನಂತೆ ಅಮ್ಮಂಗೆ?" ಎಂದ ಮಗ.

ಸೊಸೆ ಅತ್ತೆಯ ಮುಖ ನೋಡಿದಳು. ನೆಟ್ಟಗಿದ್ದ ಅರ್ಧ ತುಟಿಯ ತುದಿ ಚೂರು ಮೇಲೆದ್ದಿತ್ತು.

"ಗೋಡಂಬಿ ಬೇಕಂತೆ," ಎಂದಳು. "ಮಾರ್ಕೆಟ್ ಹತ್ತಿರದ ಅಂಗಡೀದೇ ಆಗ್ಬೇಕಂತೆ. ನಡ್ಕೊಂಡೇ ಹೋಗಿ ತನ್ನಿ."

ಅವನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಸೊಸೆ ಏಳಲಿಲ್ಲ.